ಕಲ್ಲಿನ ಮೇಲಿಲ್ಲದ ಇಪ್ಪತ್ಮೂರನೇ ಹೆಸರು

ಊರಿನ ಬಟ್ಟೆ ಗಿರಣಿಗೆ ಬೆಂಕಿ ಬಿದ್ದು ನಲವತ್ತು ವರ್ಷವಾಯಿತು. ಸತ್ತವರು ಇಪ್ಪತ್ಮೂರು ಜನ, ಅವರ ನೆನಪಿನ ಕಲ್ಲಿನ ಮೇಲೆ ಕೊರೆದ ಹೆಸರು ಇಪ್ಪತ್ತೆರಡು. ಬಿಟ್ಟುಹೋದದ್ದು ಬಾಗಿಲು ಕಾಯುತ್ತಿದ್ದವನದು, ನಮ್ಮ ನೇಕಾರಜ್ಜನ ಒಡಹುಟ್ಟಿದ ಅಣ್ಣನದು. ಬೀಗ ಜಡಿದು, ಕೀಲಿ ಸಮೇತ ಓಡುವಾಗ ತಾನೂ ಬೆಂಕಿಗೆ ಸಿಕ್ಕಿ ಸತ್ತ ಅಂತ ಶಾಲೆಯ ಪುಸ್ತಕದಲ್ಲಿದೆ. ಬರೆದ ಪುಣ್ಯಾತ್ಮ ಆಗ ಹುಟ್ಟಿಯೇ ಇರಲಿಲ್ಲ! ಗಿರಣಿಯ ಮ್ಯಾನೇಜರ್ ಹೇಳಿದ, ಅವನು ಬರೆದ.

ಈಗ ಹೊಸ ಕಲ್ಲು ನಿಲ್ಲಿಸುತ್ತೇವೆ, ಆ ಬೆಂಕಿ ಕಣ್ಣಾರೆ ಕಂಡವರು ಕಚೇರಿಗೆ ಬಂದು ಹೇಳಿ ಅಂದರು ಪಂಚಾಯಿತಿಯವರು. ಅಜ್ಜ ಇದ್ದ ಒಂದೇ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿಕೊಂಡು ಹೋದ.

"ನನ್ನ ಪಾಳಿ ಮುಗಿದು ಹೊರಗೆ ಬಂದಿದ್ದೆ. ಕಿಟಕಿ ಗಾಜಿನ ಒಳಗಡೆ ಅಣ್ಣ ಸಿಕ್ಕಿಕೊಂಡು ನಿಂತಿದ್ದ. 'ಕೀಲಿ ನನ್ನ ಹತ್ರ ಇಲ್ಲ, ಮ್ಯಾನೇಜರ್ ಒಯ್ದಿದಾನೆ, ಓಡು' ಅಂದ."

"ಅವರ ದನಿ ಕೇಳಿಸ್ತಾ?" ಅಂದ ಗುಮಾಸ್ತ.

"ಆ ಕಿರುಚಾಟದಲ್ಲಿ ದನಿ ಎಲ್ಲಿಂದ ಕೇಳಿಸ್ಬೇಕು ಸ್ವಾಮಿ? ನಾವು ಮಗ್ಗದವರು. ಮಗ್ಗದ ಸದ್ದಲ್ಲಿ ದಿನವಿಡೀ ತುಟಿ ನೋಡೇ ಮಾತಾಡ್ತಿದ್ವಿ."

'ಸಾಕ್ಷಿಗೆ ಏನೂ ಕೇಳಿಸಲಿಲ್ಲ' ಅಂತ ಗುಮಾಸ್ತ ಬರೆದುಕೊಂಡ.

ಅಜ್ಜನ ಹಿಂದೆಯೇ, ಆಗ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ, ಅಜ್ಜ 'ಅಕ್ಕ' ಅಂತ ಕರೆಯುವ ಮುದುಕಿ ಒಳಗೆ ಹೋದಳು. ವರ್ಷವರ್ಷ ಶಾಲೆಗೆ ಹೋಗಿ ಮಕ್ಕಳಿಗೆ ಬೆಂಕಿಯ ಕತೆ ಹೇಳುವವಳು ಅವಳೇ. "ಬೀಗ ಹಾಕಿ ಓಡಿದ, ಕಣ್ಣಾರೆ ಕಂಡೆ" ಅಂದಳು. ಅವಳು ಹೊರಗೆ ಬಂದಾಗ ಅಜ್ಜ ಮೆಟ್ಟಿಲ ಹತ್ತಿರ ಅಡ್ಡ ನಿಂತ.

"ಅಕ್ಕಾ, ಆಗ ನೀನು ಬಾಣಂತಿ. ಗಿರಣಿಗೆ ಬಂದೇ ಇರಲಿಲ್ಲ."

ಅವಳು ಕಣ್ಣು ಕಿರಿದು ಮಾಡಿದಳು. "ಹೌದಲ್ಲೋ... ಮಗು ತೊಡೆ ಮೇಲಿತ್ತು. ಆದ್ರೂ ಅವನು ಓಡಿದ್ದು ಕಣ್ಣಿಗೆ ಕಟ್ಟಿದ ಹಾಗಿದೆಯಲ್ಲೋ ತಮ್ಮಾ!"

"ಒಳಗೆ ಹೋಗಿ ಅದನ್ನೇ ಹೇಳಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ."

"ಅಷ್ಟು ಮಕ್ಕಳ ಮುಂದೆ ನಾನು ಸುಳ್ಳಿ ಆಗ್ಲಾ?" ಅಂದವಳು ಗೋಡೆ ಹಿಡಿದು ಮೆಲ್ಲಗೆ ಇಳಿದುಹೋದಳು.

ತಿಂಗಳಲ್ಲಿ ಹೊಸ ಕಲ್ಲು ನಿಂತಿತು. ಹೆಸರು ಇಪ್ಪತ್ತೆರಡೇ. ಅಜ್ಜ ಹೋಗಿ ನೋಡಲೂ ಇಲ್ಲ, ಮನೆಯಲ್ಲಿ ಯಾರಿಗೂ ಏನೂ ಹೇಳಲೂ ಇಲ್ಲ. ನಲವತ್ತು ವರ್ಷ ಕಂಡಕಂಡ ಕಚೇರಿಯಲ್ಲಿ ಹೇಳಿ ಹೇಳಿ ಬಾಯಿ ಸೋತಿತ್ತು, ಜೀವವೂ ಸೋತಿತ್ತು.

ಒಂದು ಸಂಜೆ ಮೊಮ್ಮಗಳು ಗಿರಣಿ ಬೆಂಕಿಯ ಪಾಠ ಓದುತ್ತಾ ತಲೆಯೆತ್ತಿದಳು. "ಅಜ್ಜಾ, ಬೀಗ ಹಾಕಿ ಓಡಿದ್ನಲ್ಲ, ಅವನು ನಿಂಗೆ ಗೊತ್ತಿದ್ನಾ?"

ಅಜ್ಜ ಪುಸ್ತಕದ ಆ ಪುಟ ನೋಡಿದ.

"ಇಲ್ಲ ಮಗಾ. ಯಾರೋ ಏನೋ. ನಮ್ಮವರಲ್ಲ" ಅಂದುಬಿಟ್ಟ.