ವಿಮಾನ ಬಂದರೆ ಬೆಲ್ಲ

ಚೆನ್ನತ್ತೆ ಕುದುರೆಗಳನ್ನು ಮೂಗಿನಿಂದ ಮಾತನಾಡಿಸುತ್ತಿದ್ದಳು. ಬೆಳಿಗ್ಗೆ ಆರು ಗಂಟೆಗೆ, ರಾಜಾನುಕುಂಟೆಯ ಆಚೆಯ ನಮ್ಮ ಹೊಲದ ಮೇಲೆ ಮಂಜು ಇನ್ನೂ ಮಲಗಿರುವಾಗ, ಲಾಯದ ಬಾಗಿಲಲ್ಲಿ ನಿಂತು ಕುದುರೆಯ ಹೊಳ್ಳೆಯ ಹತ್ತಿರಕ್ಕೆ ತನ್ನ ಮೂಗು ತಂದು ಮೆಲ್ಲಗೆ ಉಸಿರು ಬಿಡುತ್ತಿದ್ದಳು. ಕುದುರೆ ಸ್ವಲ್ಪ ಹೊತ್ತು ಯೋಚಿಸಿ ತಾನೂ ಉಸಿರು ಬಿಡುತ್ತಿತ್ತು. ಎರಡು ಹಬೆ ನಡುವೆ ಕೂಡಿಕೊಂಡು, ಯಾರದು ಯಾವುದೆಂದು ತಿಳಿಯದಂತಾಗಿ, ಸೂರಿನ ಕಡೆಗೆ ಏರಿ ಹೋಗುತ್ತಿದ್ದವು. ಚಿಕ್ಕವಳಾಗಿದ್ದಾಗ ಅದನ್ನು ನೋಡಿ, ಅತ್ತೆ ರಾತ್ರಿ ಕಂಡ ಕನಸನ್ನು ಕುದುರೆಗೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ.

"ಕನ್ಸೂ ಇಲ್ಲ ಗಿನ್ಸೂ ಇಲ್ಲ ಕಣೆ," ಎಂದಿದ್ದಳು ಕೇಳಿದಾಗ. "ಎರಡು ಕುದ್ರೆ ಎದುರಾದ್ರೆ ಇಂಗೇ ನಮಸ್ಕಾರ ಮಾಡ್ಕೊಳ್ಳೋದು. ಅವುಗಳ ಮನೆಗೆ ಓಗ್ತೀವಿ, ಅವುಗಳ ಮರ್ಯಾದೆ ನಾವು ಕಲೀಬೇಡ್ವಾ?"

ಅತ್ತೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಆಗ ತಾತ ನಾಲ್ಕು ಎಕರೆಯಲ್ಲಿ ಕುದುರೆ ಮೆಂತ್ಯದ ಸೊಪ್ಪು ಬೆಳೆದು ಪೇಟೆಯ ರೇಸ್ ಕುದುರೆಗಳ ಲಾಯಗಳಿಗೆ ಹಾಕುತ್ತಿದ್ದರಂತೆ. ಒಂದು ದಿನ ಸೊಪ್ಪು ಇಳಿಸಿ ಖಾಲಿ ಬರಬೇಕಿದ್ದ ಲಾರಿಯಲ್ಲಿ ಕುಂಟುವ ಹೆಣ್ಣು ಕುದುರೆಯೊಂದು ಬಂತು. ಇನ್ನು ಓಡಲಾರದು, ಬೇಕಾದರೆ ಕರೆದುಕೊಂಡು ಹೋಗಿ ಎಂದಿದ್ದರಂತೆ ಅದರ ಯಜಮಾನರು. ದನ ಕಟ್ಟಿ ಗೊತ್ತಿದ್ದ ಮನೆ ನಮ್ಮದು. ಕುದುರೆಯ ಹತ್ತಿರ ಹೋಗಲು ಎಲ್ಲರಿಗೂ ಭಯ. ಅತ್ತೆ ಒಬ್ಬಳೇ ಹೋಗಿ ಅದರ ಪಕ್ಕ ಒರಳು ಕಲ್ಲಿನ ಮೇಲೆ ಕುಳಿತಳು. ಮೂರು ದಿನ ಹಾಗೇ ಕುಳಿತಿದ್ದಳಂತೆ, ಅವರೆಕಾಯಿ ಸುಲಿಯುತ್ತಾ. ನಾಲ್ಕನೆಯ ದಿನ ಕುದುರೆಯೇ ಬಂದು ಅವಳ ಮಡಿಲಿನ ಸಿಪ್ಪೆಗೆ ಬಾಯಿ ಹಾಕಿತು.

ಹಾಗೆ ಒಂದರ ಹಿಂದೆ ಒಂದು ಬಂದವು. ನನಗೆ ನೆನಪಿರುವ ಕಾಲಕ್ಕೆ ಯಾವಾಗಲೂ ಐದಾರು ಕುದುರೆ. ಸುತ್ತಲಿನ ಹೊಲಗಳು ಒಂದೊಂದಾಗಿ ಬಡಾವಣೆಗಳಾದವು, ನಮ್ಮ ಬೇಲಿಯ ಪಕ್ಕಕ್ಕೇ ಹತ್ತಡಿ ಎತ್ತರದ ಕಾಂಪೌಂಡ್ ಗೋಡೆ ಎದ್ದಿತು, ಅದರಾಚೆಯ ಮನೆಗಳ ಮಕ್ಕಳು ಭಾನುವಾರ ಕಾರಿನಲ್ಲಿ ಬಂದು ಕುದುರೆ ಸವಾರಿ ಕಲಿಯತೊಡಗಿದರು. ಅಪ್ಪ ಅವರಿಗೆ ಕಲಿಸುತ್ತಿದ್ದರು. ಅತ್ತೆ ಕುದುರೆಗಳಿಗೆ ಕಲಿಸುತ್ತಿದ್ದಳು. ಹೊಸ ಕುದುರೆಗೆ ಅವಳು ನೇರವಾಗಿ ಜೀನು ಹಾಕಿದ್ದನ್ನು ನಾನು ಕಂಡಿಲ್ಲ. ಮೊದಲು ಬೆನ್ನಿನ ಮೇಲೆ ತನ್ನ ಹಳೆಯ ಸೀರೆ. ಒಂದು ವಾರದ ಮೇಲೆ ಖಾಲಿ ಬೂಸಾ ಚೀಲ. ಆಮೇಲೆ ಆ ಚೀಲದೊಳಗೆ ದಿನಕ್ಕೊಂದು ಸೇರು ಬೂಸಾ. ಚೀಲ ತುಂಬುವ ಹೊತ್ತಿಗೆ ತನ್ನ ಮೇಲೆ ಭಾರವಿದೆ ಎನ್ನುವುದೇ ಕುದುರೆಗೆ ಮರೆತುಹೋಗಿರುತ್ತಿತ್ತು.

ತಾನು ಮಾತ್ರ ಒಂದು ದಿನವೂ ಹತ್ತಿದವಳಲ್ಲ. ಸವಾರಿ ಕಲಿಯಲು ಬಂದ ಹುಡುಗಿಯೊಬ್ಬಳು, "ಅಜ್ಜಿ, ನೀವು ಯಾಕೆ ರೈಡ್ ಮಾಡಲ್ಲ?" ಎಂದು ಕೇಳಿದ್ದಕ್ಕೆ, "ಅವು ಯಾವತ್ತಾದ್ರೂ ನನ್ ಮೇಲೆ ಅತ್ತವಾ ಮಗಾ? ನಾನ್ಯಾಕೆ ಅವುಗಳ ಮೇಲೆ ಅತ್ಲಿ?" ಎಂದಿದ್ದಳು.

ನಮ್ಮ ಊರಿನ ಆಕಾಶ ಸುಮ್ಮನಿರುವ ಆಕಾಶವಲ್ಲ. ಯಲಹಂಕದ ಕಡೆಯಿಂದ ಜೆಟ್ ವಿಮಾನಗಳು ಅಭ್ಯಾಸಕ್ಕೆ ಏಳುವ ದಿನಗಳಲ್ಲಿ ಮನೆಯ ಕಿಟಕಿಯ ಗಾಜು ನಡುಗುತ್ತದೆ. ಮೊದಮೊದಲು ಆ ಸದ್ದಿಗೆ ಕುದುರೆಗಳು ಬೆವರಿ, ಬೇಲಿಗೆ ಎದೆ ಕೊಟ್ಟು ಗಾಯ ಮಾಡಿಕೊಳ್ಳುತ್ತಿದ್ದವು. ಅತ್ತೆ ಅದಕ್ಕೊಂದು ದಾರಿ ಕಂಡುಹಿಡಿದಳು. ಸೆರಗಿನ ತುದಿಯಲ್ಲಿ ಬೆಲ್ಲದ ಚೂರು ಕಟ್ಟಿಕೊಂಡು, ಬಯಲಿನ ಗೇಟಿನ ಹತ್ತಿರ ಆಕಾಶ ನೋಡುತ್ತಾ ನಿಲ್ಲುವಳು. ವಿಮಾನ ಬಂತೋ, ಪ್ರತಿ ಕುದುರೆಗೂ ಒಂದು ಚೂರು. ವಿಮಾನವಿಲ್ಲದ ದಿನ ಎಷ್ಟು ಬೇಡಿದರೂ ಇಲ್ಲ. ಆರು ತಿಂಗಳಾಗುವಷ್ಟರಲ್ಲಿ, ದೂರದಲ್ಲಿ ಗುಡುಗಿದರೆ ಸಾಕು, ಐದೂ ಕುದುರೆ ತಲೆಯೆತ್ತಿ ಮೋಡಗಳನ್ನು ನೋಡಿ, ಕುಣಿಯುತ್ತಾ ಗೇಟಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಬೇಲಿಯಾಚೆ ಹೋಗುವವರು ನಿಂತು ಫೋಟೋ ತೆಗೆಯುತ್ತಿದ್ದರು. ಹೆಬ್ಬಾಳದಿಂದ ಬರುತ್ತಿದ್ದ ಪಶುವೈದ್ಯರು ಮಾತ್ರ ತಲೆ ಕೆರೆದುಕೊಂಡರು.

"ಬೆಲ್ಲ ಜಾಸ್ತಿ ಆಗ್ತಿದೆ ಚೆನ್ನಮ್ಮ, ಕಮ್ಮಿ ಮಾಡ್ಬೇಕು."

"ನನ್ಗೇನ್ ಏಳ್ತೀರಾ ಸಾಮಿ? ವಿಮಾನದೋರಿಗೆ ಏಳಿ, ಕಮ್ಮಿ ಆರ್ಸಲಿ."

ಇಷ್ಟನ್ನು ಬರೆಯುವವರೆಗೆ ನನ್ನ ಕೈ ಸರಿಯಾಗಿತ್ತು. ಮುಂದಿನದನ್ನು ಎಷ್ಟು ಸಲ ನೆನೆದರೂ ಅದು ಶಬ್ದವಿಲ್ಲದೆ, ನೀರಿನೊಳಗೆ ನಡೆಯುವಂತೆ ನಿಧಾನವಾಗಿ ನಡೆಯುತ್ತದೆ.

ಅಂದು ನಮ್ಮ ಕಾಲೇಜಿಗೆ ರಜೆ. ಯಲಹಂಕದಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ನನಗೆ ಲಾಯದ ಕೆಲಸ ಅಭ್ಯಾಸವಿಲ್ಲ. ಆದರೂ ಅತ್ತೆ ಅಂಗಳದ ನಲ್ಲಿಯಲ್ಲಿ ಬಕೆಟ್ ತೊಳೆಯುತ್ತಿದ್ದುದನ್ನು ನೋಡಿ, ಅವಳಿಗೊಂದು ಕೆಲಸ ಕಡಿಮೆಯಾಗಲಿ ಎಂದು, ಹೇಳದೆಯೇ ಹಸಿರು ಸೊಪ್ಪಿನ ಎರಡು ಕಟ್ಟು ಎತ್ತಿಕೊಂಡು ಬಯಲಿಗೆ ಹೋದೆ. ಗೇಟಿನ ಸರಪಳಿ ತೆಗೆದು ಒಳಗೆ ಹೋಗಿ ಸೊಪ್ಪು ಹರವಿದೆ. ಬರುವಾಗ ಎರಡೂ ಕೈ ಸೊಪ್ಪಿನ ರಸದಿಂದ ಅಂಟಂಟಾಗಿತ್ತು. ಗೇಟನ್ನು ಸೊಂಟದಿಂದ ತಳ್ಳಿದೆ. ಅದು ಮುಚ್ಚಿಕೊಂಡಂತೆ ಕಂಡಿತು. ಕೈ ತೊಳೆದುಕೊಂಡು ಬಂದು ಸರಪಳಿ ಹಾಕಿದರಾಯಿತು ಎಂದುಕೊಂಡೆ.

ಬಯಲಿನಿಂದ ಅಂಗಳಕ್ಕೆ ಒಂದು ಓಣಿ. ಒಂದು ಕಡೆ ಬಡಾವಣೆಯ ಗೋಡೆ, ಇನ್ನೊಂದು ಕಡೆ ಲಾಯದ ಗೋಡೆ. ಮಳೆಯಲ್ಲಿ ಮಕ್ಕಳ ಬೂಟು ಕೆಸರಾಗುತ್ತದೆಂದು ಅಪ್ಪ ಅದೇ ವರ್ಷ ಅದಕ್ಕೆ ಸಿಮೆಂಟ್ ಹಾಕಿಸಿದ್ದರು. ನಾನು ಆ ಓಣಿಯ ಮಧ್ಯದಲ್ಲಿದ್ದಾಗ ನೆತ್ತಿಯ ಮೇಲೆ ಆಕಾಶ ಹರಿದಂತೆ ವಿಮಾನ ಹೋಯಿತು.

ಕುದುರೆಗಳು ಗೇಟಿಗೆ ಓಡಿ ಬಂದವು. ಬೆಲ್ಲದವಳು ಅಲ್ಲಿರಲಿಲ್ಲ. ಮುಂದಿದ್ದ ಸರ್ದಾರನೆಂಬ ಗಂಡು ಕುದುರೆಯ ಎದೆ ತಾಗಿ ಗೇಟು ತೆರೆದುಕೊಂಡಿತು. ಅವು ಹೆದರಿ ಓಡುತ್ತಿರಲಿಲ್ಲ, ಖುಷಿಯಾಗಿ ಅವಳನ್ನು ಹುಡುಕಿಕೊಂಡು ಬರುತ್ತಿದ್ದವು. ಐದು ಕುದುರೆ, ಇಬ್ಬರು ಪಕ್ಕಪಕ್ಕ ನಡೆಯಲು ಮಾತ್ರ ಜಾಗವಿದ್ದ ಓಣಿಯಲ್ಲಿ. ಲಾಳಗಳು ಸಿಮೆಂಟಿಗೆ ಬಡಿದು ಕಿಡಿ ಹಾರುತ್ತಿದ್ದುದು ಹಗಲಲ್ಲೂ ಕಂಡಿತು. ನಾನು ಓಡಲಿಲ್ಲ. ಗೋಡೆಗೆ ಒರಗಲೂ ಇಲ್ಲ. ಅಂಟು ಕೈಗಳನ್ನು ಮುಂದೆ ಚಾಚಿಕೊಂಡು ನಿಂತಿದ್ದೆ.

ಯಾರೋ ನನ್ನ ಭುಜ ಹಿಡಿದು ಲಾಯದ ಬಾಗಿಲ ಸಂದಿಗೆ ನೂಕಿದರು. ನೋಡಿದರೆ ನಾನಿದ್ದ ಜಾಗದಲ್ಲಿ ಅತ್ತೆ ನಿಂತಿದ್ದಳು. ಕೈ ಎತ್ತಲಿಲ್ಲ, ಕೂಗಲಿಲ್ಲ. ದಿನವೂ ಗೇಟಿನ ಹತ್ತಿರ ನಿಲ್ಲುವಂತೆ, ತಲೆ ಒಂದಿಷ್ಟು ಓರೆ ಮಾಡಿ ನಿಂತಿದ್ದಳು. ಅವಳನ್ನು ಕಂಡದ್ದೇ ಸರ್ದಾರ ನಿಲ್ಲಲು ಹೋದ. ಮಣ್ಣಾಗಿದ್ದರೆ ನಿಲ್ಲುತ್ತಿದ್ದ. ಹಿಂಗಾಲು ಮಡಿಸಿ ಕುಳಿತವನು ಆ ನುಣುಪಿನ ಮೇಲೆ ಹಾಗೇ ಜಾರಿಕೊಂಡು ಬಂದು ಅವಳಿಗೆ ತಾಗಿದ. ಅತ್ತೆ ಬಿದ್ದಳು. ಉಳಿದ ನಾಲ್ಕು ಒಂದರ ಮೇಲೊಂದು ನುಗ್ಗಿ, ಅವಳ ಸುತ್ತ ಮೂವತ್ತು ನಲವತ್ತು ಕಾಲುಗಳಿದ್ದಂತೆ ನನಗೆ ಕಂಡಿತು. ಆಮೇಲೆ ಎಲ್ಲವೂ ನಿಂತಿತು.

"ಕೂಗ್ಬೇಡ," ಎಂದಳು ನೆಲದಿಂದ. ನಾನು ಕೂಗುತ್ತಿದ್ದೆನೆಂದು ನನಗೆ ಗೊತ್ತಾದದ್ದು ಆಗ. "ಇಲ್ ಬಾ. ನನ್ ಸೆರಗು ಬಿಚ್ಚು. ಬೆಲ್ಲ ಕೊಡು ಅವುಕ್ಕೆ."

"ಅತ್ತೆ, ಏಳಕ್ಕಾಗತ್ತಾ ನಿಂಗೆ?"

"ನನ್ದಿರ್ಲಿ. ವಿಮಾನ ಬಂತಲ್ಲ? ಕೊಡ್ಬೇಕು. ಇವತ್ ತಪ್ಪಿಸಿದ್ರೆ ನಾಳೆಯಿಂದ ನಮ್ನ ಯಾಕೆ ನಂಬ್ತವೆ?"

ಸೊಂಟದ ಮೂಳೆ ಮುರಿದು ಬಿದ್ದವಳ ಸೆರಗಿನ ಗಂಟು ಬಿಚ್ಚಿ, ಐದು ಕುದುರೆಗಳ ನಡುವೆ ನಿಂತು ನಾನು ಬೆಲ್ಲ ಹಂಚಿದೆ. ಅವುಗಳ ತುಟಿಗಳು ನನ್ನ ಅಂಟು ಅಂಗೈಯನ್ನು ಎಷ್ಟು ಮೃದುವಾಗಿ ಮುಟ್ಟಿದವೆಂದರೆ, ಆ ಮೃದುತ್ವವೇ ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುತ್ತದೆ.

ಆಸ್ಪತ್ರೆಯಲ್ಲಿ ಮೂಳೆಗೆ ರಾಡು ಹಾಕಿದರು. ಸೊಪ್ಪು ಹಾಕಲು ನಾನು ಹೋಗಿದ್ದು ಯಾರಿಗೂ ಗೊತ್ತಿರಲಿಲ್ಲ. ಗೇಟಿನ ಸರಪಳಿ ಹಾಕುವುದು ಯಾವಾಗಲೂ ಅತ್ತೆಯ ಕೆಲಸವಾದ್ದರಿಂದ ಯಾರೂ ಕೇಳಲೂ ಇಲ್ಲ. "ವಯಸ್ಸಾಯ್ತು ಅಕ್ಕ ನಿಂಗೆ," ಎಂದರು ಅಪ್ಪ, ಬೈಯುವಂತಲ್ಲ, ಸಮಾಧಾನ ಮಾಡುವಂತೆ. "ಮರೆವು ಶುರುವಾಗಿದೆ. ಮಗು ಸಾಯ್ತಿದ್ಲು. ಸಾಕು ಈ ಕುದುರೆ ಸಹವಾಸ." ಮಾಕಳಿಯ ಕಡೆ ತೋಟ ಮಾಡಿಕೊಂಡಿದ್ದ ಒಬ್ಬರು ಐದನ್ನೂ ಕರೆದುಕೊಂಡು ಹೋಗಲು ಒಪ್ಪಿದರು. ಮೂರು ವಾರದ ಮೇಲಿನ ಭಾನುವಾರ ಲಾರಿ ಬರುವುದೆಂದು ಆಯಿತು.

ಅತ್ತೆ ಜಗಳವಾಡುತ್ತಾಳೆ, ಆಗ ನಾನು ಹೇಳುತ್ತೇನೆ ಎಂದು ಕಾದೆ. ಅವಳು ಜಗಳವಾಡಲಿಲ್ಲ. ಮನೆಗೆ ಬಂದ ಮೇಲೆ ಮಂಚದಲ್ಲಿ ಮಲಗಿ, ತನ್ನ ಬಲಗೈಯನ್ನು ಮುಖದ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು.

"ಬೆಳಿಗ್ಗೆ ಸರಪಳಿ ಆಕಿದ್ದೆ ಅಂತ ಈ ಕೈ ಏಳ್ತದೆ ಕಣೆ," ಎಂದಳು ಒಂದು ದಿನ. "ಕೈ ಸುಳ್ಳು ಏಳಕ್ ಶುರು ಮಾಡಿದ್ರೆ ಕುದ್ರೆ ಮುಂದೆ ಎಂಗ್ ನಿಲ್ಲೋದು? ಕಳ್ಸಿಬಿಡ್ಲಿ ಬಿಡು."

ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಎರಡೆರಡು ಸಲ ಕೇಳತೊಡಗಿದಳು. ನನ್ನ ಹೆಸರು ಕರೆಯುವ ಮೊದಲು ಒಂದು ಕ್ಷಣ ನಿಲ್ಲುತ್ತಿದ್ದಳು, ಸರಿಯಾದ ಹೆಸರೇ ಬರುತ್ತದೋ ಎಂದು ನೋಡುವವಳಂತೆ. ದಿನವೂ ಹೇಳಬೇಕೆಂದು ಹೊಸಿಲವರೆಗೆ ಬಂದು, ಕಾಫಿ ಬೇಕಾ ಎಂದು ಕೇಳಿ ಹೋಗುತ್ತಿದ್ದೆ.

ಲಾರಿ ಬರುವ ಹಿಂದಿನ ದಿನ ಅಪ್ಪ ಅವಳ ಮಂಚದ ಪಕ್ಕ ಪೇಪರ್ ಓದುತ್ತಾ ಕುಳಿತಿದ್ದರು. ನಾನು ಬಾಗಿಲಲ್ಲೇ ನಿಂತು, "ಅತ್ತೆ, ನೀನು ಸರಪಳಿ ಹಾಕಿದ್ದೆ. ಆಮೇಲೆ ಸೊಪ್ಪು ಹಾಕೋಕೆ ಹೋಗಿ ತೆಗೆದಿದ್ದು ನಾನು. ವಾಪಸ್ ಹಾಕಲಿಲ್ಲ," ಎಂದೆ.

ಅಪ್ಪನ ಪೇಪರ್ ಕೆಳಗಿಳಿಯಿತು. ಅತ್ತೆ ನನ್ನನ್ನೇ ನೋಡಿದಳು.

"ಗೇಟು ಯಾವ್ ಕೈಲಿ ದೂಡ್ದೆ?"

"ಕೈಯಲ್ಲಲ್ಲ. ಸೊಂಟದಲ್ಲಿ."

ಅವಳ ಹೊಟ್ಟೆಯೊಳಗಿಂದ ನಗು ಶುರುವಾಯಿತು. ನೋವಿಗೆ ಹಲ್ಲು ಕಚ್ಚಿಕೊಂಡು, ಮಂಚಕ್ಕೆ ಬಲಗೈ ಬಡಿಬಡಿದು ನಕ್ಕಳು. "ಲೋ ತಮ್ಮ, ಕೇಳಿದ್ಯೇನೋ? ನನ್ಗೆ ಮರೆವಿಲ್ಲ ಕಣೋ! ಈ ಮೂದೇವಿ ಸೊಂಟ ಆಡ್ಸಿದ್ದಕ್ಕೆ ನನ್ ಸೊಂಟ ಓಯ್ತು!" ಕಣ್ಣೊರೆಸಿಕೊಂಡಳು. ಆಮೇಲೆ ಮುಖ ಬದಲಾಯಿತು. "ಮೂರು ವಾರ ಕಣೆ," ಎಂದಳು ಮೆಲ್ಲಗೆ. "ಮೂರು ವಾರ ನಾನು ನನ್ ಕೈನೇ ಬೈಕೊಂಡ್ ಮಲಗಿದ್ದೆ. ಕುದ್ರೆಗೆ ಎದರಿಕೆ ಆದ್ರೆ ಕಾಲಲ್ಲಿ ತೋರಿಸ್ತದೆ. ನಿನ್ ಎದರಿಕೆ ಎಲ್ ಇಟ್ಕೊಂಡಿದ್ದೆ?" ಗೋಡೆಯ ಕಡೆ ಮಗ್ಗುಲಾದಳು.

ಅಪ್ಪ ಅಂಗಳಕ್ಕೆ ಹೋಗಿ ಮಾಕಳಿಯವರಿಗೆ ಫೋನ್ ಮಾಡಿ, "ಲಾರಿ ಬೇಡ ಬಿಡಿ," ಎಂದರು. ಮಾರನೆಯ ದಿನ ಜನ ಕರೆಸಿ ಓಣಿಯ ಸಿಮೆಂಟ್ ಒಡೆಸಿ ಮಣ್ಣು ಹಾಕಿಸಿದರು.

ಅತ್ತೆ ವಾಕರ್ ಹಿಡಿದು ನಡೆದು ಬಯಲಿಗೆ ಹೋದ ದಿನ ಕುದುರೆಗಳು ಮೊದಲು ಆ ವಾಕರನ್ನು ಮೂಸಿ ನೋಡಿ, ಅದರ ನಾಲ್ಕು ಕಾಲುಗಳನ್ನು ಒಪ್ಪಿಕೊಂಡವು. ಒಂದು ಬೇಸಿಗೆ, ಒಂದು ಮಳೆಗಾಲ ಅವಳಿಗೆ ಸಿಕ್ಕಿತು. ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಬಯಲಿನ ನಡುವೆ ಕುಳಿತಿರುತ್ತಿದ್ದಳು. ಮಂಜಿನಲ್ಲಿ ದೂರದಿಂದ ನೋಡಿದರೆ, ಕುದುರೆಗಳು ಕುರ್ಚಿಯೊಂದರ ಸುತ್ತ ನಿಂತೇ ನಿದ್ದೆ ಮಾಡುತ್ತಿರುವಂತೆ ಕಾಣುತ್ತಿತ್ತು.

ಕಾರ್ತಿಕದ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟವಳು ಬೇಲಿಯ ಹತ್ತಿರ ನಿಂತೆ. ಒಳಗೆ ಹೋಗಲಿಲ್ಲ. ಆ ದಿನದ ಮೇಲೆ ನಾನು ಒಳಗೆ ಹೋಗಿರಲಿಲ್ಲ.

"ಇನ್ನೂ ನಡುಗ್ತೀಯಾ?" ಎಂದಳು ಕುರ್ಚಿಯಿಂದ.

"ಹ್ಞೂ ಅತ್ತೆ."

"ನಡುಗು. ನಡುಗ್ತಾನೇ ಉಲ್ಲು ಆಕು. ಅವುಕ್ಕೆ ಬೇಕಾಗಿರೋದು ಉಲ್ಲು ಕಣೆ. ನಿನ್ ಧೈರ್ಯ ತಗೊಂಡು ಅವೇನ್ ಮಾಡ್ತವೆ?"

"ನಾಳೆ ಹಾಕ್ತೀನಿ."

"ಊಂ. ಓಗು, ಬಸ್ಸು ತಪ್ಪೀತು."

ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಅಪ್ಪನ ಫೋನ್ ಬಂದಾಗ ನಾನು ತರಗತಿಯಲ್ಲಿದ್ದೆ.

ಅತ್ತೆಯ ಮಣ್ಣು ಮುಗಿಸಿ ಬಂದ ಮರುದಿನ ಬೆಳಿಗ್ಗೆ ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಹುಲ್ಲಿನ ಕಟ್ಟು ಎತ್ತಿಕೊಂಡು ಓಣಿ ದಾಟಿದೆ. ಮಂಡಿ ನಡುಗುತ್ತಿತ್ತು. ಗೇಟು ತೆರೆದು ಒಳಗೆ ಕಾಲಿಟ್ಟಾಗ ಮಂಜಿನಲ್ಲಿ ಐದು ತಲೆಗಳು ಎದ್ದವು. ಹುಲ್ಲು ಹರವಿದೆ. ಅವು ಬರಲಿಲ್ಲ. ಕಿವಿ ನಿಮಿರಿಸಿಕೊಂಡು ನೋಡುತ್ತಿದ್ದವು, ನನ್ನನ್ನಲ್ಲ, ನನ್ನ ಭುಜದಾಚೆ, ಮನೆಯ ಕಡೆಗೆ. ಅಷ್ಟು ನಂಬಿಕೆಯಿಂದ ನೋಡುತ್ತಿದ್ದುದರಿಂದ ನಾನೂ ತಿರುಗಿ ನೋಡಿದೆ.