ಸೂಟಿಯೊಳಗೆ ತೆಗೆದ ಹಗೇವು

ನಮ್ಮ ವೈನಿ ಯಶೋಧಾಗೆ ಎಲ್ಲಕ್ಕೂ ಅಂಜಿಕೆ. ನಾದಿನಿಯ ಬಾಯಿಂದ ಬಂದ ಮಾತು ಎಂದು ತಳ್ಳಿಹಾಕಬೇಡಿ, ಮಸೂತಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಆಕೆ ತಾಂಬಾದ ಹೆಣ್ಣುಮಗಳು. ನನ್ನ ಅಣ್ಣ ಸಿದ್ಧರಾಮನ ಕೈಹಿಡಿದು ಬಂದ ಹೊಸದರಲ್ಲಿ ಕುಕ್ಕರ್ ಸೀಟಿ ಹೊಡೆದರೆ ಸಾಕು, ಅಡುಗೆಮನೆ ಬಿಟ್ಟು ಪಡಸಾಲೆಗೆ ಓಡಿ ಬರುತ್ತಿದ್ದಳು. ಮಕ್ಕಳಾದ ಮೇಲಂತೂ ಕೇಳುವುದೇ ಬೇಡ. ಗೋಡೆಯ ಪ್ಲಗ್ಗಿನ ತೂತುಗಳಿಗೆಲ್ಲ ಟೇಪು ಬಡಿದಳು. ನೀರಿನ ತೊಟ್ಟಿಗೆ ಕಬ್ಬಿಣದ ಜಾಳಿಗೆ ಹಾಕಿಸಿದಳು, ಆ ಜಾಳಿಗೆ ಸರಿದೀತು ಎಂದು ಅದರ ಮೇಲೊಂದು ಕಲ್ಲು ಹೇರಿದಳು. ಹುಡುಗರು ಹುಣಸೆಬೀಜ ಹಿಡಿದು ಆಡುತ್ತಿದ್ದರೆ, ಯಾವುದನ್ನು ಯಾವಾಗ ಮೂಗಿಗೆ ತುರುಕಿಕೊಳ್ಳುತ್ತಾರೋ ಎಂದು ಎದುರಿಗೇ ಕುಕ್ಕರಗಾಲಲ್ಲಿ ಕೂತುಬಿಡುವಳು.

ಯಾಕೆ ಹೀಗೆ ಎಂದರೆ ಕಾರಣ ಏನೂ ಇಲ್ಲ. ಆಕೆಯ ತವರಿನಲ್ಲಿ ಯಾರೂ ಬಾವಿಗೆ ಬಿದ್ದಿಲ್ಲ, ಯಾರಿಗೂ ಹಾವು ಕಡಿದಿಲ್ಲ. ಕೆಲವರು ಹುಟ್ಟುತ್ತಲೇ ಸಿಟ್ಟು ತಂದಿರುತ್ತಾರೆ, ನಾನು ಆ ಪೈಕಿ. ವೈನಿ ಅಂಜಿಕೆ ತಂದಳು.

ನನ್ನನ್ನು ಕೊಟ್ಟಿದ್ದು ಸಿಂದಗಿಗೆ. ಬೇಸಿಗೆಯ ಸೂಟಿ ಬಿಟ್ಟ ಕೂಡಲೇ ನನ್ನ ಮಗ ಅರುಣಕುಮಾರನನ್ನು ಕರೆದುಕೊಂಡು ತವರಿಗೆ ಬಂದುಬಿಡುತ್ತೇನೆ. ಎರಡನೇ ಇಯತ್ತೆ ಮುಗಿಸಿದ ಪೋರ, ಒಂದು ಕಡೆ ಕೂತವನಲ್ಲ. ಇಲ್ಲಿ ಅಣ್ಣನ ಮಕ್ಕಳು ಸುಭಾಸ ಮತ್ತು ಪಲ್ಲವಿ ಇದ್ದಾರೆ. ಸುಭಾಸ ಇವನಿಗಿಂತ ತುಸು ದೊಡ್ಡವನು, ಪಲ್ಲವಿ ಇನ್ನೂ ಅಂಗನವಾಡಿಯವಳು. ಮೂವರೂ ಸೇರಿದರೆ ಮನೆ ಸಂತೆಯಾಗುತ್ತದೆ. ಅವ್ವ ತೀರಿಕೊಂಡ ಮೇಲೆ ಈ ಮನೆಯ ಭಾರವೆಲ್ಲ ವೈನಿಯದೇ. ಸೂಟಿಯೆಂದರೆ ನನಗೆ ಕಾಲು ಚಾಚಿ ಕೂರುವ ಕಾಲ, ಆಕೆಗೆ ಮಾತ್ರ ಜೀವ ಕೈಯಲ್ಲಿ ಹಿಡಿದುಕೊಂಡಿರುವ ಕಾಲ. ಬಿಸಿಲೇರಿದ ಮೇಲೆ ಹುಡುಗರು ಹೊಸ್ತಿಲು ದಾಟುವಂತಿಲ್ಲ. ಆಕೆ ಒಲೆಯ ಮುಂದೆ ಕೂತಲ್ಲಿಂದಲೇ ಆಗಾಗ ಒಬ್ಬೊಬ್ಬರ ಹೆಸರು ಹಿಡಿದು ಕೂಗುವಳು, ಅವರು ಎಲ್ಲಿದ್ದರೂ “ಓ” ಎನ್ನಬೇಕು.

“ಹಾಜರಿ ತಗೋಳಾಕತ್ತೀಯೇನ ವೈನಿ, ಸಾಲಿ ಮಾಸ್ತರಗತೆ?” ಎಂದು ನಾನು ಕಾಡಿಸುತ್ತಿದ್ದೆ.

“ನಗು ನಗು. ಓ ಅಂದ್ರ ನನ್ನ ಜೀವಕ್ಕ ಸಮಾಧಾನ,” ಎನ್ನುವಳು.

ಆ ಸಲದ ಸೂಟಿಯಲ್ಲಿ ನಮ್ಮ ಅಪ್ಪ ಬಸಣ್ಣ ಹಗೇವು ತೆಗೆಯುವುದಾಗಿ ಹೇಳಿದ. ಹಗೇವು ಎಂದರೆ ನೆಲದಡಿಯಲ್ಲಿ ಗಡಿಗೆಯ ಆಕಾರಕ್ಕೆ ತೋಡಿದ ಕಾಳಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ಒಂದು ಕೋಣೆಯಷ್ಟು ದೊಡ್ಡದು. ಸುತ್ತಲೂ ಹುಲ್ಲು ಕಟ್ಟಿ, ಜೋಳ ಸುರಿದು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಈಗ ಊರಲ್ಲಿ ಎಲ್ಲರೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಪಡಸಾಲೆಯಲ್ಲಿ ಒಟ್ಟುತ್ತಾರೆ. ಅಪ್ಪ ಮಾತ್ರ ಹಳೆಯ ಹಟ ಬಿಟ್ಟಿಲ್ಲ. ನಮ್ಮ ಹಗೇವು ಅಂಗಳದ ಮೂಲೆಯಲ್ಲಿ, ಬೇವಿನ ಗಿಡದ ಹತ್ತಿರ ಇದೆ.

ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ. ಬಾಯಿ ತೆಗೆದ ದಿನ ಯಾರೂ ಇಳಿಯುವುದಿಲ್ಲ. ಹಗಲೂ ರಾತ್ರಿ ತೆರೆದಿಟ್ಟು, ಮರುದಿನ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ದೀಪ ಆರಿದರೆ ಇಳಿದವನು ಮೇಲೆ ಬರುವುದಿಲ್ಲ. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು.

“ಸಾಲಿ ಚಾಲೂ ಆದಮ್ಯಾಲೆ ತಗದ್ರ ಆಗೂದಿಲ್ಲೇನ್ರಿ ಮಾವಾರ? ಮನಿ ತುಂಬ ಹುಡುಗರದಾವ್ರಿ,” ಎಂದಳು ವೈನಿ.

“ರೇಣವ್ವ ಹೋಗೂದ್ರೊಳಗ ಆಕಿಗಿ ಒಂದ್ ಚೀಲ ಕಟ್ಟಬೇಕವ್ವ. ಹಗೇವಿನ ಜ್ವಾಳದ ರೊಟ್ಟಿ ರುಚೀನ ಬ್ಯಾರೆ,” ಎಂದ ಅಪ್ಪ, ನನ್ನ ಕಡೆ ಕೈಮಾಡಿ.

“ಹಗೇವು ಎದ್ದು ಬಂದು ಹುಡುಗರ್ನ ಹಿಡ್ಕೋತೈತೇನ ವೈನಿ?” ಎಂದೆ ನಾನು. ಅಣ್ಣ ನಕ್ಕ, ಅಪ್ಪ ನಕ್ಕ. ವೈನಿ ನಗಲಿಲ್ಲ.

ಮುಂಜಾನೆ ಅಪ್ಪ, ಅಣ್ಣ ಸೇರಿ ಮಣ್ಣು ಕೆದರಿ ಹಾಸುಗಲ್ಲು ಸರಿಸಿದರು. ಹುಳಿಹುಳಿಯಾದ ಬಿಸಿ ವಾಸನೆ ಗುಪ್ಪೆಂದು ಬಂತು. ವೈನಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಆ ಕಡೆ ಹೆಜ್ಜೆ ಇಟ್ಟರೆ ಕಾಲು ಮುರಿಯುತ್ತೇನೆ ಎಂದಳು. ಬಾಯಿಯನ್ನು ಮತ್ತೆ ಮುಚ್ಚುವ ಹಾಗಿಲ್ಲ, ಗಾಳಿಯಾಡಬೇಕು. ಅದಕ್ಕೆ ಅಪ್ಪ ಅದರ ಮೇಲೊಂದು ಹಗ್ಗದ ಹೊರಸು ಹಾಕಿ, ಕಂಬಳಿ ಹಾಸಿ, ಕಾವಲಿಗೆ ತಾನೇ ಕೂತ. ಹುಡುಗರು ಬಗ್ಗಿ ನೋಡದಿರಲಿ ಎಂದು ಆ ಕಂಬಳಿಯನ್ನು ನೆಲ ಮುಟ್ಟುವಂತೆ ಇಳಿಬಿಟ್ಟ. ಆಗ ನಮಗೆ ಅದು ಜಾಣತನ ಎಂದೇ ಕಂಡಿತು. ಕಣ್ಣುಮುಚ್ಚಾಲೆ ಆಡುವ ಹುಡುಗರಿಗೆ ಇಡೀ ಅಂಗಳದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಅಣ್ಣ ಟ್ರ್ಯಾಕ್ಟರಿನ ಕೆಲಸಕ್ಕೆಂದು ಬಾಗೇವಾಡಿಗೆ ಹೋದ. ಮಧ್ಯಾಹ್ನ ಅಪ್ಪ ಒಳಗೆ ಬಂದು ಉಂಡ. ಉಂಡವನು ಹಾಗೇ ಕಂಬಕ್ಕೆ ಒರಗಿದ, ಕಣ್ಣು ಹತ್ತಿತು. ನಾನು, ವೈನಿ, ಪಕ್ಕದ ಮನೆಯ ಮುಬಿನಾ ಮೂವರೂ ಅಡುಗೆಮನೆಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆವು. ಅಪ್ಪ ಉಂಡು ಮತ್ತೆ ಹೊರಸಿನ ಮೇಲೆ ಹೋಗಿ ಕೂತಿದ್ದಾನೆ ಎಂದು ನಾವು ತಿಳಿದಿದ್ದೆವು.

“ಸುಭಾಸಾ!” ಎಂದು ವೈನಿ ಕೂಗಿದಳು.

“ಓ!” ಅಟ್ಟದ ಮೇಲಿಂದ ಬಂತು.

“ಪಲ್ಲವೀ!”

“ಓ!” ಪಡಸಾಲೆಯಿಂದ.

“ಅರುಣಾ!”

ಉತ್ತರವಿಲ್ಲ. ಆಕೆ ಮತ್ತೊಮ್ಮೆ ಕೂಗಿ ಉತ್ತರಕ್ಕೂ ಕಾಯದೆ ಎದ್ದಳು. “ಆಟದಾಗ ಇರ್ತಾನ, ಕುಂಡರ ವೈನಿ,” ಎಂದೆ. ಆಕೆಯ ಸೆರಗಿನಿಂದ ಹುಣಸೆಬೀಜಗಳು ನೆಲದ ತುಂಬ ಚೆಲ್ಲಿದವು. ನಾನು ಬೈಯುತ್ತಲೇ ಹಿಂದೆ ಹೋದೆ.

ಪಲ್ಲವಿ ಗೋಡೆಗೆ ಮುಖ ಮಾಡಿ, ಅಂಗೈಯಿಂದ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. “ಅರುಣ ಎಲ್ಲಿ?” ಎಂದು ವೈನಿ ಕೇಳಿದಳು.

“ಅಡಗ್ಯಾನ. ಹೇಳಬಾರ್ದು. ಹೇಳಿದ್ರ ಔಟ್.”

“ಹೇಳು, ನನ್ನವ್ವ. ನಾ ಯಾರಿಗೂ ಹೇಳೂದಿಲ್ಲ.”

ಪಲ್ಲವಿ ಬೆರಳ ಸಂದಿಯಿಂದ ಕದ್ದು ನೋಡಿದ್ದಳಂತೆ. ನಾಚಿಕೊಂಡು ನಕ್ಕು, ತೆರೆದ ಬಾಗಿಲಿನಾಚೆ ಅಂಗಳದ ಮೂಲೆಗೆ ಕೈಮಾಡಿದಳು. ಹೊರಸಿನ ಮೇಲೆ ಯಾರೂ ಇರಲಿಲ್ಲ.

ನಾನು ಓಡಿದೆ. ಕಂಬಳಿ ಎತ್ತಿದರೆ ಹಗೇವಿನ ಬಾಯಿಯ ಅಂಚಿಗೆ ನನ್ನ ಮಗನ ಎರಡು ಚಪ್ಪಲಿ ಬಿದ್ದಿದ್ದವು. ಹುಡುಗ ಇರಲಿಲ್ಲ. ಹೊರಸನ್ನು ಕಿತ್ತು ಒಗೆದೆ. ಒಳಗೆ ಬರೀ ಕತ್ತಲು. ಬಗ್ಗಿ ಕೂಗಿದರೆ ನನ್ನ ದನಿಯೇ ಮುದ್ದೆಯಾಗಿ ವಾಪಸು ಬಂತು. ಮುಬಿನಾ ಮೊಬೈಲಿನ ಬೆಳಕು ಬಿಟ್ಟಳು. ಕೆಳಗೆ ಜೋಳದ ರಾಶಿ ಮಸುಕಾಗಿ ಕಂಡಿತು, ಪಕ್ಕಕ್ಕೆ ಬೆಳಕು ಸರಿಯಾಗಿ ಮುಟ್ಟದ ಕಡೆ ಏನೋ ಕಪ್ಪಗೆ ಮುದುಡಿಕೊಂಡು ಬಿದ್ದಿತ್ತು.

ಅದನ್ನು ನೋಡಿದ ಮೇಲೆ ನನಗೆ ಗಾಳಿ, ಕಂದೀಲು, ಯಾವುದೂ ನೆನಪಿಲ್ಲ. ಕಾಲು ಒಳಗೆ ಇಳಿಬಿಟ್ಟೆ. ಸೊಂಟದವರೆಗೂ ಇಳಿದಿದ್ದೆ. ಆಗ ಯಾರೋ ಹಿಂದಿನಿಂದ ನನ್ನ ಹೆರಳು ಹಿಡಿದು ಜಗ್ಗಿದರು. ಮೇಲೆಳೆದು ಮಣ್ಣಿನಲ್ಲಿ ಬೋರಲು ಕೆಡವಿ, ಬೆನ್ನಿನ ಮೇಲೆ ಕೂತುಬಿಟ್ಟರು. ವೈನಿ! ಗಾಳಿಗೆ ಬಾಗಿಲು ಬಡಿದರೆ ಬೆಚ್ಚುವವಳು, ಮೈಯಲ್ಲಿ ಹಿಡಿ ಮಾಂಸವಿಲ್ಲದವಳು.

“ಬಿಡ ನನ್ನ! ನನ್ನ ಕೂಸು ಒಳಗೈತಿ!”

“ಬಿಡೂದಿಲ್ಲ.”

ಗದ್ದಲಕ್ಕೆ ಅಪ್ಪ ಎದ್ದು ಬಂದ, ಓಣಿಯವರು ಕೂಡಿದರು. ಮುಬಿನಾಳ ಗಂಡ ಸಿಕಂದರ ನಿದ್ದೆಗಣ್ಣಿನಲ್ಲಿಯೇ ಹಗ್ಗ ಹಿಡಿದು ಬಂದು ಅಂಗಿ ಕಳೆದ. “ಉಸಿರು ಬಿಗಿಹಿಡಿದು ಇಳೀತೇನಿ ಅಕ್ಕಾ,” ಎಂದ.

“ಯಾರೂ ಇಳಿಯೂದಿಲ್ಲ ಸಿಕಂದರಣ್ಣ,” ಎಂದಳು ವೈನಿ, ನನ್ನ ಬೆನ್ನಿನ ಮೇಲಿಂದಲೇ. “ನೀವು ಇಳದ್ರ ನಿಮ್ಮನ್ನ ತಗ್ಯಾಕ ಮತ್ತೊಬ್ರು ಇಳೀಬೇಕು. ಮೊದಲ ಕಂದೀಲು. ಸುಭಾಸಾ, ಕಂದೀಲು ತಾ. ಮುಬಿನಾ, ಬೆಂಕಿ ಬಂಡಿಯವರಿಗಿ ಫೋನ್ ಹಚ್ಚ.”

ಅಪ್ಪ ಕಂದೀಲಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ಹಗ್ಗ ಬಿಟ್ಟ ಹಾಗೆಲ್ಲ ಕಂದೀಲಿನ ಬೆಳಕು ಕೆಳಗಿನಿಂದ ಅವನ ಗದ್ದಕ್ಕೆ, ಬಿಳಿ ಮೀಸೆಗೆ ಬಡಿಯುತ್ತಿತ್ತು. ನಾನು ನೆಲಕ್ಕೆ ಕೆನ್ನೆ ಒತ್ತಿಕೊಂಡು ಆ ಬೆಳಕನ್ನೇ ನೋಡುತ್ತಿದ್ದೆ. ಬೆಳಕು ಸಣ್ಣದಾಯಿತು. ಮತ್ತೂ ಸಣ್ಣದಾಗಿ, ಆರಿತು.

ಒಬ್ಬ ಹೆಂಗಸು ಸೆರಗು ಬಾಯಿಗೆ ತುರುಕಿಕೊಂಡಳು. ದೀಪ ಉರಿಯದ ಜಾಗದಲ್ಲಿ ನನ್ನ ಮಗ ಬಿದ್ದಿದ್ದಾನೆ, ಎಷ್ಟು ಹೊತ್ತಾಯಿತೋ. ನಾನು ತಲೆ ತಿರುಗಿಸಿ ವೈನಿಯ ಮುಂಗೈ ಕಚ್ಚಿದೆ. ಬಾಯಿಗೆ ರಕ್ತ ಬಂತು, ಆಕೆ ಕೈ ಎಳೆದುಕೊಳ್ಳಲಿಲ್ಲ.

“ನಿನ್ನ ಮಗಾ ಆಗಿದ್ರ ಹಿಂಗ ಕುಂಡರ್ತಿದ್ದೇನ? ಕೊಲ್ಲಾಕತ್ತಿ, ನನ್ನ ಕೂಸಿನ್ನ ಕೊಲ್ಲಾಕತ್ತಿ!”

“ಹೂಂ, ಬೈ. ಮ್ಯಾಲೆ ಇದ್ದು ಬೈ,” ಎಂದಳು ಆಕೆ.

ಕೂಡಿದವರಲ್ಲಿ ಗುಸುಗುಸು ಎದ್ದಿತು. ಎಂಥ ಕಲ್ಲೆದೆ, ಹಡೆದವಳನ್ನು ಹೀಗೆ ಹಿಡಿಯುತ್ತಾರೇನು ಎಂದರು. ಅದು ಆಕೆಗೂ ಕೇಳಿಸಿತು. ಆಕೆ ಬೇವಿನ ಟೊಂಗೆ ಮುರಿಸಿ, ದೊಡ್ಡ ಹೊರೆ ಕಟ್ಟಿಸಿ, ಹಗ್ಗಕ್ಕೆ ಬಿಗಿಸಿದಳು. ಅದನ್ನು ಇಳಿಸುವುದು, ಎತ್ತುವುದು, ಮತ್ತೆ ಇಳಿಸುವುದು. ಕೆಟ್ಟ ಗಾಳಿ ಕಲಕಿ ಮೇಲೆ ಬರಲಿ ಎಂದು ಸಿಕಂದರ ಬೆವರು ಸುರಿಸುತ್ತ ಅದನ್ನೇ ಮಾಡಿದ. ಇನ್ನೊಬ್ಬ ಬಾವಿಯ ಪಾತಾಳಗರಡಿ ತಂದ. ಬಿದ್ದ ಕೊಡ ತೆಗೆಯುವ ಆ ಕೊಕ್ಕೆಗಳನ್ನು ನೋಡಿ, ಅವು ನನ್ನ ಕೂಸಿನ ಮೈಯಲ್ಲಿ ಎಲ್ಲಿ ಚುಚ್ಚುತ್ತವೋ ಎಂದು ಕಿರುಚಿಕೊಂಡೆ. ಕೊಕ್ಕೆ ಒಳಗೆ ಎಳೆದಾಡಿತು, ಏನಕ್ಕೋ ಸಿಕ್ಕಿಕೊಂಡಿತು. ಮೇಲೆ ಬಂದದ್ದು ಕಪ್ಪಗಾದ ಹುಲ್ಲಿನ ಕಟ್ಟು, ಹಗೇವಿನ ಗೋಡೆಯಿಂದ ಕಳಚಿ ಬಿದ್ದದ್ದು. ಹಾಗಾದರೆ ಹುಡುಗ ಅದಕ್ಕಿಂತ ಆಚೆ, ಕಾಣದ ಮೂಲೆಗೆ ಜಾರಿದ್ದಾನೆ ಎಂದುಕೊಂಡೆ.

ಮತ್ತೆ ಕಂದೀಲು ಹೊತ್ತಿಸಿ ಬಿಟ್ಟರು. ಮತ್ತೆ ಆರಿತು.

“ಇನ್ನ ನಿಂದ್ರೂದು ಆಗೂದಿಲ್ಲ. ನಾ ಮುದುಕ, ನಾ ಹೋದ್ರ ಹೋಗ್ಲಿ,” ಎಂದು ಅಪ್ಪ ಧೋತರ ಎತ್ತಿ ಕಟ್ಟಿದ.

“ಮಾವಾರ, ಒಂದ್ ಹೆಜ್ಜಿ ಮುಂದಿಟ್ರ ನನ್ನ ಹೆಣ ನೋಡ್ತೀರಿ,” ಎಂದಳು ವೈನಿ. ಅಪ್ಪನ ಎದುರು ದನಿ ಎತ್ತಿದ್ದು ಅದೇ ಮೊದಲು.

ಮೇಲಿಂದ ನೋಡಿದವರಿಗೆ ಆಕೆ ಕಲ್ಲಿನಂತೆ ಕಂಡಿರಬೇಕು. ಆದರೆ ನಾನು ಆಕೆಯ ಕೆಳಗೆ ಇದ್ದೆ. ಆಕೆಯ ತೊಡೆಗಳು ಜ್ವರ ಬಂದವರ ಹಾಗೆ ಅದುರುತ್ತಿದ್ದವು. ನನ್ನ ಕುತ್ತಿಗೆಯ ಮೇಲೆ ಹನಿಹನಿಯಾಗಿ ಏನೋ ಬೀಳುತ್ತಿತ್ತು, ಕಣ್ಣೀರೋ ಬೆವರೋ ತಿಳಿಯದು. “ತಪ್ಪಾದ್ರ ಏನ್ ಮಾಡ್ಲಿ ಶಿವನೇ, ತಪ್ಪಾದ್ರ ಏನ್ ಮಾಡ್ಲಿ,” ಎಂದು ಆಕೆ ಗುನುಗುತ್ತಿದ್ದದ್ದು ನನ್ನೊಬ್ಬಳಿಗೇ ಕೇಳಿಸುತ್ತಿತ್ತು. ಹುಡುಗ ಒಳಗೆ ಸತ್ತರೆ ಈ ಮನೆಯಲ್ಲಿ, ಈ ಊರಲ್ಲಿ ತನ್ನನ್ನು ಏನೆನ್ನುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. ನಾನೂ ಅದನ್ನೇ ಅನ್ನುತ್ತಿದ್ದೆ, ಸಾಯುವ ತನಕ. ಅದೆಲ್ಲ ಗೊತ್ತಿದ್ದೂ ಆಕೆ ಕದಲಲಿಲ್ಲ. ನಾನು ಆಮೇಲೆ ಒದ್ದಾಡುವುದನ್ನೂ ಬಿಟ್ಟೆ.

ಎಲ್ಲರೂ ಗುಂಡಿಯತ್ತ ಬಾಗಿದ್ದರು. ಹಿಂದೆ ಯಾರು ಬಂದರು, ಯಾರು ಹೋದರು ಎಂದು ನೋಡುವವರಿರಲಿಲ್ಲ.

ನನ್ನ ಮಗ ಹೊರಸಿನಡಿ ನುಸುಳಿದ್ದು ನಿಜವಂತೆ. ಒಳಗಿನ ಕತ್ತಲು, ವಾಸನೆ ನೋಡಿ ಅಂಜಿ ವಾಪಸು ಸರಿದನಂತೆ. ಚಪ್ಪಲಿ ಸಪ್ಪಳ ಮಾಡುತ್ತವೆಂದು ಅಲ್ಲೇ ಬಿಟ್ಟು, ಮೋಟುಗೋಡೆ ಹಾರಿ ಮುಬಿನಾಳ ಮನೆ ಹೊಕ್ಕನಂತೆ. ಸಿಕಂದರ ನಡುಮನೆಯಲ್ಲಿ ಮಲಗಿದ್ದ. ಒಳಕೋಣೆಯಲ್ಲಿ ಅವರ ಮಗ ಕೂಲರ್ ಹಾಕಿಕೊಂಡು ಮೊಬೈಲಿನಲ್ಲಿ ಆಟ ನೋಡುತ್ತಿದ್ದ. ಇವನೂ ಕೂಲರಿನ ಹಿಂದೆ ಕೂತ. ಆ ಕೂಲರಿನ ಬಡಿತದಲ್ಲಿ ನಮ್ಮ ಬೊಬ್ಬೆ ಅವರಿಗೆ ಕೇಳಿಸಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ.

ಯಾರೂ ಹುಡುಕಲು ಬರಲಿಲ್ಲವೆಂದು ಬೇಸರವಾಗಿ, ಸುಡುವ ನೆಲದ ಮೇಲೆ ಬರಿಗಾಲಲ್ಲಿ ಕುಣಿಯುತ್ತ ಅವನು ಅಂಗಳಕ್ಕೆ ಬಂದ. ಅಷ್ಟು ಮಂದಿ ಸುಮ್ಮನೆ ಗುಂಡಿ ನೋಡುತ್ತ ನಿಂತಿದ್ದರು. ಅವನು ಅಪ್ಪನ ಧೋತರ ಹಿಡಿದು ಎಳೆದ.

“ಮುತ್ಯಾ, ಏನ್ ಬಿದ್ದೈತಿ ಅದರಾಗ?” ಎಂದ. ಅಪ್ಪ ತಿರುಗಿ ನೋಡಿದ. ಅವನ ತಲೆ ಮುಟ್ಟಿ ಮುಟ್ಟಿ ನೋಡಿದ. ಹುಡುಗ ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಆ ಮುಖಗಳಲ್ಲಿ ತನ್ನ ತಾಯಿಯ ಮುಖ ಕಾಣಲಿಲ್ಲ. ಅವನ ದನಿ ಸಣ್ಣದಾಯಿತು.

“ನಮ್ಮವ್ವ ಎಲ್ಲಿ?”

ಅಪ್ಪ ಹಗೇವಿನ ಬಾಯಿ ನೋಡಿದ. ಸಿಕಂದರನೂ ನೋಡಿದ. ವೈನಿ ನನ್ನನ್ನು ಬಿಟ್ಟಿದ್ದರೆ ಆ ಪ್ರಶ್ನೆಗೆ ಬೇರೆ ಉತ್ತರ ಕೊಡಬೇಕಾಗಿ ಬರುತ್ತಿತ್ತು ಎಂಬುದು ಅಲ್ಲಿದ್ದ ಎಲ್ಲರಿಗೂ ಒಟ್ಟಿಗೇ ಹೊಳೆದಿರಬೇಕು. ನಾನು ಬಾಯಿಯಲ್ಲಿ ತುಂಬಿದ್ದ ಮಣ್ಣು ಉಗುಳಿದೆ.

ವೈನಿ ಏಳಲು ಹೋಗಿ ನನ್ನ ಬೆನ್ನಿನ ಮೇಲಿಂದ ಪಕ್ಕಕ್ಕೆ ಉರುಳಿದಳು.

“ಇಲ್ಲೇ ಅದಾಳಪ್ಪ,” ಎಂದಳು. “ನಿಮ್ಮವ್ವ ಇಲ್ಲೇ ಅದಾಳ.”