ತಲುಪುವವರೆಗೂ

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಸೀರೆಗಳನ್ನು ಹೊರ ಊರಿನ ಅಂಗಡಿಗಳಿಗೆ ಕಳಿಸುತ್ತಿದ್ದ ಏಜೆಂಟ್ ಸಾಹೇಬರನ್ನು ನಾನು ದಿನವೂ ನೆನೆಯುತ್ತೇನೆ. ಪ್ರತಿ ಗಂಟನ್ನೂ ಎರಡು ಸಲ ತಟ್ಟಿ, "ತಲುಪೋವರ್ಗೂ ಮಾಲು ನಂದು ಅಣ್ಣ, ನೀವು ಆರಾಮಾಗಿರಿ" ಎನ್ನುತ್ತಿದ್ದರು.

ನನ್ನ ಮಗಳು ಓದುತ್ತಿದ್ದ ದೇಶದಲ್ಲಿ ಯುದ್ಧ ಶುರುವಾಯಿತು. ಅಲ್ಲಿಯ ನಮ್ಮ ರಾಯಭಾರ ಕಚೇರಿಯಲ್ಲಿ ಸಾಹೇಬರ ಅಕ್ಕನ ಮಗ ಅಧಿಕಾರಿಯಾಗಿದ್ದ. ಸಾಹೇಬರು ದಿನಕ್ಕೆ ಹತ್ತು ಸಲ ಅವನಿಗೆ ಮೊಬೈಲಿನಲ್ಲಿ ಬರೆದರು. ಒಮ್ಮೆ ನನಗೂ ಓದಿ ಹೇಳಿದರು. "ನನ್ನ ಮಗಳನ್ನ ಗಡಿ ದಾಟೋ ಬಸ್ ಹತ್ತಿಸಿದ್ಯಾ?" ಎಂದು ಇವರು ಕೇಳಿದ್ದರು.

"ಮಾಮೂ, ನಿಮಗೆಲ್ಲಿ ಮಗಳಿದ್ದಾಳೆ?" ಎಂದಿದ್ದ ಅವನು.

"ಈಗ ಇದ್ದಾಳೆ, ಹತ್ತಿಸು."

ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಮಗಳು ಹೊರಬಂದಾಗ ಸಾಹೇಬರು ಅವಳ ಬ್ಯಾಗನ್ನು ಎರಡು ಸಲ ತಟ್ಟಿ ನನ್ನತ್ತ ತಿರುಗಿದರು.

"ತಲುಪಿದ್ಳು ಅಣ್ಣ. ಇನ್ನು ನಿಮ್ಮ ಮಗಳು."